ಓಟಿನ ದಿನಕ್ಕಿಂತ ಮುಂಚೆ: ಅಜ್ಜೀಪುರದ ಹೊಸ ಮತದಾರರಿಗೆ ಕಿವಿಮಾತು

ಮಕ್ಕಳೇ,

ನಮ್ಮೂರಿನಲ್ಲಿ ಈ ಸಲ ಹದಿನೆಂಟು ತುಂಬಿದವರು ಹಲವರಿದ್ದೀರಿ. ಯಾವ ಪಕ್ಷಕ್ಕೆ ಓಟು ಹಾಕಬೇಕೆಂದು ನಾನು ಹೇಳುವುದಿಲ್ಲ, ಅದು ನಿಮ್ಮ ಇಷ್ಟ. ಪಕ್ಷದ ಬಾವುಟ ಕಟ್ಟಿ, ಬೂತಿನಲ್ಲಿ ಏಜೆಂಟಾಗಿ ಕೂತು, ಗ್ರಾಮಸಭೆಯಲ್ಲಿ ಗಂಟಲು ಹರಿದುಕೊಂಡು ನಾನು ಕಂಡದ್ದು ಇಷ್ಟು: ಓಟಿನ ದಿನ ಬರುವ ಹೊತ್ತಿಗೆ ಮುಕ್ಕಾಲು ಪಾಲು ತೀರ್ಮಾನ ಆಗಿಹೋಗಿರುತ್ತದೆ. ಮತದಾರರ ಪಟ್ಟಿಯಲ್ಲಿ ಯಾರ ಹೆಸರು ಉಳಿಯಿತು, ಟಿಕೆಟ್ ಯಾರಿಗೆ ಸಿಕ್ಕಿತು, ಯಜಮಾನರ ಜಗಲಿಯಲ್ಲಿ ಏನು ಮಾತಾಯಿತು, ಎಲ್ಲವೂ ಮುಂಚೆಯೇ. ಆ ಜಾಗಗಳಲ್ಲಿ ನೀವಿರಬೇಕು.

• ಗುರುತಿನ ಚೀಟಿ ಜೇಬಿನಲ್ಲಿದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು. ನಮ್ಮದು 221ನೇ ಹನೂರು ವಿಧಾನಸಭಾ ಕ್ಷೇತ್ರ, ಲೋಕಸಭೆಗೆ ಚಾಮರಾಜನಗರ. ಹೊಸದಾಗಿ ಸೇರಲು ನಮೂನೆ 6, ತಿದ್ದುಪಡಿಗೂ ಊರು ಬದಲಾವಣೆಗೂ ನಮೂನೆ 8. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಈ ನಾಲ್ಕು ತಿಂಗಳ ಒಂದನೇ ತಾರೀಖಿಗೆ ಹದಿನೆಂಟಾದವರು ಸೇರಬಹುದು. ಹದಿನೇಳು ದಾಟಿದವರು ಮುಂಗಡವಾಗಿಯೇ ಅರ್ಜಿ ಕೊಟ್ಟಿಡಬಹುದು. ತೊಡಕಾದರೆ 1950ಕ್ಕೆ ಫೋನ್ ಮಾಡಿ.

ಕರಡು ಪಟ್ಟಿ ಬಂದಾಗ ನಿಮ್ಮ ಹೆಸರು ನೋಡಿಕೊಂಡು ಎದ್ದು ಹೋಗಬೇಡಿ. ನಿಮ್ಮ ಬೀದಿಯ ಪುಟಗಳನ್ನೆಲ್ಲ ಬೆರಳಿಟ್ಟು ಓದಿ. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನಲ್ಲೇ ಇರುತ್ತದೆ. ಎಂದೋ ತೀರಿಕೊಂಡ ಅಜ್ಜನ ಹೆಸರು ಇಲ್ಲಿ ಉಳಿದೇ ಇರುತ್ತದೆ. ಕೂಲಿಗೆ ಹೊರಗೆ ಹೋದ ಮನೆಯವರನ್ನು ಊರು ಬಿಟ್ಟವರೆಂದು ಯಾರೋ ಬರೆಸಿರುತ್ತಾರೆ. ಹೀಗೆ ಹೆಸರು ತೆಗೆಸಲು ಕೊಡುವುದು ನಮೂನೆ 7. ಅದು ಬಂದಿದೆಯೆಂದು ಗೊತ್ತಾದ ಕೂಡಲೇ ಬೂತ್ ಮಟ್ಟದ ಅಧಿಕಾರಿ (ಬಿಎಲ್‌ಒ) ಅವರನ್ನು ಕಂಡು, ಆ ಮನೆಯವರಿಗೂ ಫೋನಿನಲ್ಲಿ ತಿಳಿಸಿ. ಈ ಕೆಲಸಕ್ಕೆ ಹಾರವೂ ಇಲ್ಲ, ಮೈಕೂ ಇಲ್ಲ. ಆದರೆ ರಾಜಕೀಯದಲ್ಲಿ ಇದಕ್ಕಿಂತ ದೊಡ್ಡ ಕೆಲಸವನ್ನು ನಾನು ಕಂಡಿಲ್ಲ.

• ಒಂದು ಓಟಿನಿಂದ ಏನಾಗುತ್ತದೆ ಎನ್ನುವವರಿಗೆ ದೂರದ ಕತೆ ಬೇಡ, ನಮ್ಮ ಜಿಲ್ಲೆಯದೇ ಇದೆ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಓಟು, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಓಟಿನ ಸೋಲು. ಕೃಷ್ಣಮೂರ್ತಿಯವರ ಕಾರಿನ ಚಾಲಕನಿಗೇ ಅವತ್ತು ಓಟು ಹಾಕಲು ಬಿಡುವು ಸಿಗಲಿಲ್ಲ ಎಂದು ಈ ಕಡೆಯ ಜನ ಇಂದಿಗೂ ಹೇಳುತ್ತಾರೆ. ಧ್ರುವನಾರಾಯಣ ಅವರೂ 2019ರ ಲೋಕಸಭಾ ಚುನಾವಣೆಯಲ್ಲಿ ಶ್ರೀನಿವಾಸ ಪ್ರಸಾದ್ ಅವರೆದುರು ಸೋತದ್ದು ಎರಡು ಸಾವಿರಕ್ಕೂ ಕಡಿಮೆ ಅಂತರದಲ್ಲಿ, ಅದೂ ಎಂಟು ವಿಧಾನಸಭಾ ಕ್ಷೇತ್ರ ಸೇರಿದ ಇಡೀ ಚಾಮರಾಜನಗರದಲ್ಲಿ. ಅಮೆರಿಕದಂಥ ಅಮೆರಿಕದಲ್ಲೇ 2000ನೇ ಇಸವಿಯಲ್ಲಿ ಫ್ಲೋರಿಡಾ ರಾಜ್ಯದ 537 ಓಟು ಅಧ್ಯಕ್ಷ ಯಾರೆಂದು ತೀರ್ಮಾನಿಸಿತು. ಬೆಂಗಳೂರು, ಕೊಯಮತ್ತೂರು, ತಿರುಪ್ಪೂರಿನಲ್ಲಿ ಕೆಲಸಕ್ಕಿರುವವರೇ, ಹಬ್ಬಕ್ಕೆ ರಜೆ ಕೇಳುವ ಹಾಗೆ ಓಟಿಗೂ ರಜೆ ಕೇಳಿ ಬನ್ನಿ.

• ಓಟಿನ ಹಿಂದಿನ ರಾತ್ರಿ ಬಾಗಿಲು ತಟ್ಟುತ್ತಾರೆ. ನೋಟು ಕೊಟ್ಟು ನಮ್ಮ ಬೆಟ್ಟದ ದೇವರು ಮಾದಪ್ಪನ ಮೇಲೆ ಆಣೆ ಮಾಡಿಸುತ್ತಾರೆ. ನಮ್ಮ ಹೆಣ್ಣುಮಕ್ಕಳು ಆ ಆಣೆಗೆ ಅಂಜಿ, ಮನಸ್ಸಿಲ್ಲದವನಿಗೆ ಓಟು ಒತ್ತಿ ಬಂದು ಅತ್ತದ್ದನ್ನು ಕಂಡಿದ್ದೇನೆ. ಅಂಜಬೇಡ್ರವ್ವ. ದುಡ್ಡು ಕೊಡುವುದೂ ಈಸಿಕೊಳ್ಳುವುದೂ ಕಾನೂನಿನಲ್ಲಿ ಅಪರಾಧ. ಅಂಥ ಅಪರಾಧಕ್ಕೆ ಮಾದಪ್ಪನನ್ನು ಸಾಕ್ಷಿ ಕರೆದದ್ದೇ ತಪ್ಪು, ಆ ತಪ್ಪು ಕರೆದವನ ತಲೆಗೆ. ನೋಟು ಮುಟ್ಟಲೇಬೇಡಿ, ಆಗ ಆಣೆಯ ಮಾತೇ ಬರುವುದಿಲ್ಲ. ಫೋನಿರುವವರು ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪಿನಲ್ಲಿ ವಿಡಿಯೋ ಹಾಕಬಹುದು, ದೂರು ಕೊಟ್ಟವರು ಹೆಸರು ಹೇಳಬೇಕೆಂದೇನೂ ಇಲ್ಲ.

• ಕುಲದ ಯಜಮಾನರು ಸಭೆ ಸೇರಿಸಿ ‘ಈ ಸಲ ಇಂಥವರಿಗೆ’ ಎಂದರೆ ಕೂತು ಕೇಳಿ, ಮರ್ಯಾದೆ ಕೊಡಿ. ಆದರೆ ಕಾರಣ ಕೇಳಿ. ಅಭ್ಯರ್ಥಿ ನಾಮಪತ್ರದ ಜೊತೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ ಆಸ್ತಿ, ಸಾಲ, ಕ್ರಿಮಿನಲ್ ಕೇಸು ಎಲ್ಲ ಬರೆದಿರುತ್ತದೆ. ಆಯೋಗ ಅದನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತದೆ. ಅದನ್ನು ಇಳಿಸಿಕೊಂಡು ಸಭೆಯಲ್ಲಿ ಗಟ್ಟಿಯಾಗಿ ಓದಿ. ವಯಸ್ಸಾದವರ ಬಾಯಿಗೆ ಎದುರಾಡಿದಂತೆಯೂ ಆಗುವುದಿಲ್ಲ, ಹೇಳಬೇಕಾದ್ದೂ ಹೇಳಿದಂತಾಗುತ್ತದೆ.

• ಪಕ್ಷ ಸೇರುವುದು ಕೆಟ್ಟ ಕೆಲಸವಲ್ಲ. ಓದಿದವರು ಮೂಗು ಮುರಿದು ದೂರ ನಿಂತದ್ದರಿಂದಲೇ ಬೂತ್ ಕಮಿಟಿಗಳು ಗುತ್ತಿಗೆದಾರರ ಕೈಗೆ ಹೋದವು. ಅಮೆರಿಕದಲ್ಲಿ ಪ್ರೈಮರಿ ಎಂಬ ಒಂದು ಸುತ್ತಿದೆ: ಪಕ್ಷದಿಂದ ಯಾರು ನಿಲ್ಲಬೇಕೆಂಬುದನ್ನು ಸಾಮಾನ್ಯ ಮತದಾರರೇ ಓಟು ಹಾಕಿ ಆರಿಸುತ್ತಾರೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಅಲ್ಲಿನ ಪೌರರಾಗಿ, 2018ರಲ್ಲಿ ಮಿಷಿಗನ್ ರಾಜ್ಯಪಾಲ ಹುದ್ದೆಯ ಪ್ರೈಮರಿಯಲ್ಲಿ ಸೋತರು. ಎದೆಗುಂದದೆ 2020ರಲ್ಲಿ ರಾಜ್ಯದ ಶಾಸನಸಭೆಗೂ 2022ರಲ್ಲಿ ದೇಶದ ಸಂಸತ್ತಿಗೂ ಆರಿಸಿ ಬಂದರು. ನಮ್ಮಲ್ಲಿ ಆ ಸುತ್ತೇ ಇಲ್ಲ. ಹನೂರಿನ ಟಿಕೆಟ್ಟು ಬೆಂಗಳೂರಲ್ಲೋ ದೆಹಲಿಯಲ್ಲೋ ತೀರ್ಮಾನವಾಗಿ ಬರುತ್ತದೆ. ಹಾಗೆಂದು ಸುಮ್ಮನಿರಬೇಡಿ. ನಿಮಗೆ ಒಪ್ಪುವ ಪಕ್ಷದ ಸದಸ್ಯತ್ವ ಮಾಡಿಸಿ, ರಸೀತಿ ಇಟ್ಟುಕೊಳ್ಳಿ, ಬೂತ್ ಮಟ್ಟದ ಸಭೆ ನಡೆಸಿರೆಂದು ಪಟ್ಟುಹಿಡಿಯಿರಿ. ಟಿಕೆಟ್ ಕೇಳುವವರು ಅರ್ಜಿ ಹಾಕುವ ಮುಂಚೆ ಊರಿಗೆ ಬಂದು ಮಾತಾಡಲಿ ಎಂದು ಬ್ಲಾಕ್ ಅಧ್ಯಕ್ಷರಿಗೆ ಹತ್ತಾರು ಜನ ಸಹಿ ಹಾಕಿ ಬರೆಯಿರಿ. ಒಮ್ಮೆಗೇ ಕೇಳದಿರಬಹುದು, ಮತ್ತೆ ಬರೆಯಿರಿ. ನಾಯಕರ ಫ್ಲೆಕ್ಸ್ ಕಟ್ಟುವುದಷ್ಟೇ ಕಾರ್ಯಕರ್ತನ ಕೆಲಸವಲ್ಲ.

• ಅವಕಾಶ ಸಿಕ್ಕರೆ ಒಂದು ಸಲ ಬೂತ್ ಏಜೆಂಟಾಗಿ ಕೂರಿ. ಬೆಳಿಗ್ಗೆ ಐದೂವರೆಗೇ ಹೋಗಬೇಕು. ಏಳಕ್ಕೆ ಓಟು ಶುರುವಾಗುವ ಮುಂಚೆ ಅಣಕು ಮತದಾನ ಮಾಡಿಸುತ್ತಾರೆ, ಕಡಿಮೆಯೆಂದರೂ ಐವತ್ತು ಓಟು. ಯಾವ ಗುಂಡಿ ಎಷ್ಟು ಸಲ ಒತ್ತಿದಿರೆಂದು ಕಾಗದದಲ್ಲಿ ಗೀಟು ಹಾಕಿಕೊಳ್ಳಿ. ಒತ್ತಿದ ಓಟಿನ ಚೀಟಿ ತೋರಿಸುವ ವಿವಿಪ್ಯಾಟ್ ಯಂತ್ರದ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡು ನಿಂತು ಕೆಳಗೆ ಬೀಳುತ್ತದೆ, ಕಣ್ಣಿಟ್ಟು ನೋಡಿ. ಆಮೇಲೆ ಯಂತ್ರದ ಲೆಕ್ಕ, ಚೀಟಿಯ ಲೆಕ್ಕ, ನಿಮ್ಮ ಗೀಟಿನ ಲೆಕ್ಕ ಮೂರೂ ತಾಳೆಯಾಗಬೇಕು. ಆ ಓಟುಗಳನ್ನು ಅಳಿಸಿ, ಚೀಟಿಗಳನ್ನು ಹೊರತೆಗೆದು, ಯಂತ್ರ ಸೊನ್ನೆ ತೋರಿಸುವುದನ್ನು ನೋಡಿದ ಮೇಲೆಯೇ ಸಹಿ ಹಾಕಿ. ಸಂಜೆ 17ಸಿ ನಮೂನೆಯ ಪ್ರತಿ ಇಲ್ಲದೆ ಮನೆಗೆ ಹೋಗಬೇಡಿ. ಬಿದ್ದ ಓಟೆಷ್ಟೆಂಬ ಲೆಕ್ಕ ಅದರಲ್ಲಿರುತ್ತದೆ, ಎಣಿಕೆಯ ದಿನ ಕೈಗೆ ಬೇಕು. ಯಂತ್ರದ ಬಗ್ಗೆ ವಾಟ್ಸಾಪಿನಲ್ಲಿ ಬರುವ ನೂರು ಮಾತಿಗಿಂತ ಒಂದು ಬೆಳಿಗ್ಗೆ ಅಲ್ಲಿ ಕೂರುವುದು ಮೇಲು.

• ನಿಮ್ಮ ಹೆಸರಿನಲ್ಲಿ ಇನ್ಯಾರೋ ಓಟು ಹಾಕಿ ಹೋಗಿದ್ದರೆ ಜಗಳವಾಡಿ ಹಿಂದಿರುಗಬೇಡಿ. ಟೆಂಡರ್ ಓಟು ಕೇಳಿ, ಕಾಗದದ ಮತಪತ್ರ ಕೊಡಲೇಬೇಕು. ಮುಗಿಯುವ ಹೊತ್ತಿಗೆ ಸಾಲಿನಲ್ಲಿ ನಿಂತಿದ್ದರೆ ಎಷ್ಟು ಹೊತ್ತಾದರೂ ಓಟು ಹಾಕುವ ಹಕ್ಕು ನಿಮ್ಮದು.

• ಬಹಿಷ್ಕಾರದ ಮಾತು ನಮ್ಮ ತಾಲ್ಲೂಕಿನಲ್ಲಿ ಆಗಾಗ ಏಳುತ್ತದೆ. 2024ರ ಏಪ್ರಿಲ್ 26ರಂದು ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತದಲ್ಲಿ ಏನಾಯಿತೆಂದು ನಿಮಗೆ ಗೊತ್ತು. ರಸ್ತೆಯಿಲ್ಲ, ಸೌಕರ್ಯವಿಲ್ಲ ಎಂದು ಜನ ಓಟು ಬೇಡವೆಂದರು. ಅಧಿಕಾರಿಗಳು ಮನವೊಲಿಸಲು ಹೋದಾಗ ಗಲಾಟೆಯಾಯಿತು, ಮತಯಂತ್ರ ಒಡೆಯಿತು. 29ಕ್ಕೆ ಮರುಮತದಾನ ಮಾಡಿದರೆ ಬಂದವರು ಕೆಲವರೇ. ಕೇಸು, ಬಂಧನ ಎಲ್ಲ ಆ ಬಡವರ ಪಾಲಿಗೇ ಬಂತು. ಅವರ ಕಷ್ಟ ಸುಳ್ಳಲ್ಲ, ಕಾಡಿನೊಳಗಿನ ಊರಿನಿಂದ ಹೆರಿಗೆ ನೋವಿನ ಹೆಂಗಸನ್ನು ಹೊತ್ತು ತರುವ ಸಂಕಟ ಅಲ್ಲಿದ್ದವರಿಗೇ ಗೊತ್ತು. ಆದರೂ ಹೇಳುತ್ತೇನೆ: ಓಟು ಬಿಟ್ಟ ಊರಿನ ಬಗ್ಗೆ ಗೆದ್ದವನಿಗೂ ಸೋತವನಿಗೂ ಹೆದರಿಕೆಯಿರುವುದಿಲ್ಲ. ಯಾರೂ ಬೇಡವೆನಿಸಿದರೆ ನೋಟಾ ಇದೆ. ಅದರಿಂದ ಫಲಿತಾಂಶ ಬದಲಾಗದು, ಆದರೆ ನಿಮ್ಮ ಸಿಟ್ಟು ಲೆಕ್ಕಕ್ಕೆ ಸಿಗುತ್ತದೆ.

• ನಮ್ಮ ಹಿರಿಯರು ದೇಶದ ಮೊದಲ ಚುನಾವಣೆಯಲ್ಲಿ ಓಟು ಹಾಕಿದ್ದು ಮದ್ರಾಸ್ ವಿಧಾನಸಭೆಗೆ. ನಮ್ಮೂರು ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಆಗ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ತಮ್ಮ ಭಾಷೆಯಲ್ಲಿ ಅರ್ಜಿ ಬರೆಯಲೂ ಪರದಾಡಿದ ಜನ ಅವರು. ಇಂದು ಪಂಚಾಯಿತಿ ಕಚೇರಿ ನಿಮ್ಮೂರಲ್ಲೇ ಇದೆ, ಕನ್ನಡದಲ್ಲೇ ನಡೆಯುತ್ತದೆ, ಆದರೂ ಗ್ರಾಮಸಭೆಗೆ ಕುರ್ಚಿ ಖಾಲಿ! ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಲೇಬೇಕು. ಹೋಗಿ. ಮನೆ ಹಂಚಿಕೆಯ ಫಲಾನುಭವಿಗಳ ಪಟ್ಟಿ, ಉದ್ಯೋಗ ಖಾತ್ರಿಯ ಲೆಕ್ಕ ಓದಿಸಿ, ನಡಾವಳಿ ಪುಸ್ತಕದಲ್ಲಿ ನಿಮ್ಮ ಮಾತು ಬರೆಸಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ.

• ನಿಲ್ಲುವ ಆಸೆಯಿದ್ದರೆ ಗ್ರಾಮ ಪಂಚಾಯಿತಿಯಿಂದ ಶುರುಮಾಡಿ. ಇಪ್ಪತ್ತೊಂದು ತುಂಬಿದ್ದರೆ ಸಾಕು. ಪಕ್ಷದ ಚಿಹ್ನೆ ಇಲ್ಲ, ಹಾಗಾಗಿ ಯಾರ ಟಿಕೆಟ್ಟೂ ಬೇಡ. ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ. ಗೆದ್ದ ಹುಡುಗಿಯೇ ಸಭೆಗೆ ಬರಲಿ, ಗಂಡ ಕುರ್ಚಿಯಲ್ಲಿ ಕೂತು ಅವಳು ಮನೆಯಲ್ಲಿ ಸಹಿ ಹಾಕುವ ಪದ್ಧತಿಯನ್ನು ನಿಮ್ಮ ಕಾಲದಲ್ಲಾದರೂ ನಿಲ್ಲಿಸಿ. ದೇವಸ್ಥಾನಕ್ಕೆ ಇಷ್ಟು ಲಕ್ಷ ಎಂದು ಸೀಟು ಹರಾಜು ಕೂಗುವವರಿದ್ದರೆ, ದೇವರ ಹೆಸರು ಕೇಳಿ ಸುಮ್ಮನಾಗಬೇಡಿ. ತಹಸೀಲ್ದಾರರಿಗೆ ದೂರು ಕೊಡಿ.

• ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದಿತ್ತು. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ಆಡಳಿತವಾಯಿತು. ಓಟು ಕೇಳಲು ಬಂದವರನ್ನೆಲ್ಲ ಮೊದಲು ಇದನ್ನೇ ಕೇಳಿ: ನಮ್ಮ ಕೈಯಿಂದ ಆ ಓಟನ್ನು ಕಿತ್ತುಕೊಂಡವರು ಯಾರು, ನೀವು ಆಗ ಏನು ಮಾತಾಡಿದಿರಿ?

• ಫಲಿತಾಂಶದ ದಿನ ಸೋತವರ ಮನೆ ಮುಂದೆ ಪಟಾಕಿ ಬೇಡ. ನಾಳೆ ಒಂದೇ ಕೊಳಾಯಿಯಲ್ಲಿ ನೀರು ಹಿಡಿಯುವವರು ನೀವು. ಗೆದ್ದವರು ಯಾವ ಪಕ್ಷದವರಾದರೂ ನಿಮ್ಮ ಶಾಸಕರೇ. ಓಟು ಹಾಕದಿದ್ದರೂ ಹೋಗಿ ಕೇಳಬಹುದು. ಬಾಯಿಮಾತಿನಲ್ಲಿ ಕೇಳಬೇಡಿ: ಎರಡು ಪ್ರತಿ ಬರೆಯಿರಿ, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಾರೀಖು ಹಾಕಿಸಿ ಮೊಹರು ಒತ್ತಿಸಿಕೊಂಡು ಬನ್ನಿ.