ಇಂಧನಕ್ಕೆ ತೆರಿಗೆಯೋ, ಓಡಿದ ದೂರಕ್ಕೆ ತೆರಿಗೆಯೋ?

(ಸದಸ್ಯರ ಅಧ್ಯಯನಕ್ಕಾಗಿ)



ಹೂಮಳೆ ಕೈಕೊಟ್ಟ ವರ್ಷ ಕಾಫಿ ತೋಟದವರು ಕೆರೆಯ ದಂಡೆಯಲ್ಲಿ ಡೀಸೆಲ್ ಎಂಜಿನ್ ಇಟ್ಟು ಹಗಲೂ ರಾತ್ರಿ ಸ್ಪ್ರಿಂಕ್ಲರ್ ಓಡಿಸುತ್ತಾರೆ. ಮಳೆಗಾಲ ಬಂತೆಂದರೆ ಅಡಿಕೆ ತೋಟಗಳಲ್ಲಿ ಬೋರ್ಡೋ ದ್ರಾವಣ ಹೊಡೆಯುವ ಯಂತ್ರಗಳು ಪೆಟ್ರೋಲು ಕುಡಿಯುತ್ತವೆ. ಕಳೆ ಹೊಡೆಯುವ ಯಂತ್ರ, ಟಿಲ್ಲರು, ಪಲ್ಪರು ಇವುಗಳದ್ದೂ ಇದೇ ಕಥೆ. ತೋಟದೊಳಗೆ ದುಡಿಯುವ ಈ ಎಂಜಿನ್ನುಗಳಿಗೆ ಡಾಂಬರು ರಸ್ತೆಯ ಹಂಗಿಲ್ಲ. ಆದರೂ ಅವಕ್ಕೆ ಹಾಕುವ ಪ್ರತಿ ಲೀಟರಿನ ಬೆಲೆಯಲ್ಲಿ ರಸ್ತೆಗಾಗಿ ಎತ್ತುವ ಸೆಸ್ಸು ಸೇರಿಯೇ ಇರುತ್ತದೆ. ಇನ್ನೊಂದು ಕಡೆ, ಹೆದ್ದಾರಿಯಲ್ಲಿ ದಿನವಿಡೀ ಓಡುವ ವಿದ್ಯುತ್ ಕಾರು ಪಂಪಿನ ಕಡೆ ಮುಖ ಹಾಕುವುದಿಲ್ಲವಾದ್ದರಿಂದ ಆ ಸೆಸ್ಸಿನಲ್ಲಿ ಒಂದು ಪೈಸೆಯನ್ನೂ ಕೊಡುವುದಿಲ್ಲ.

ರಸ್ತೆಯ ಖರ್ಚನ್ನು ಯಾರು ಹೊರಬೇಕು, ಯಾವ ಅಳತೆಯಲ್ಲಿ ಹೊರಬೇಕು ಎಂಬ ಪ್ರಶ್ನೆಗೆ ಕೆಲವು ದೇಶಗಳು ಬೇರೆ ಉತ್ತರ ಹುಡುಕಿವೆ. ಕೊಂಡ ಇಂಧನಕ್ಕೆ ಬದಲಾಗಿ ಓಡಿದ ಕಿಲೋಮೀಟರಿಗೆ ತೆರಿಗೆ ಹಾಕುವುದೇ ಆ ಉತ್ತರ. ಈ ಮಾತು ನಮ್ಮ ಬಾಗಿಲಿಗೂ ಬರುವ ದಿನ ದೂರವಿಲ್ಲ. ಬಂದ ಮೇಲೆ ಗಾಬರಿಯಾಗುವ ಬದಲು ಈಗಲೇ ಅದರ ಒಳಹೊರಗನ್ನು ತಿಳಿದುಕೊಂಡಿರುವುದು ಒಳ್ಳೆಯದು.

1. ಇಂಧನ ತೆರಿಗೆ ಬಂದ ಬಗೆ

ಅಮೆರಿಕದ ಆರೆಗಾನ್ ರಾಜ್ಯ 1919ರಲ್ಲಿ, ಆ ದೇಶದಲ್ಲೇ ಮೊದಲಿಗೆ, ರಸ್ತೆಗಳಿಗಾಗಿ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಒಂದು ಸೆಂಟ್ ತೆರಿಗೆ ಹಾಕಿತು. ಹೆಚ್ಚು ಓಡುವವನು ಹೆಚ್ಚು ಇಂಧನ ಸುಡುತ್ತಾನೆ, ಭಾರದ ವಾಹನ ಇನ್ನೂ ಹೆಚ್ಚು ಸುಡುತ್ತದೆ. ಆದ್ದರಿಂದ ಇಂಧನವನ್ನು ಅಳೆದರೆ ರಸ್ತೆಯ ಬಳಕೆಯನ್ನು ಅಳೆದಂತೆಯೇ ಆಯಿತು ಎಂಬುದು ಇದರ ಹಿಂದಿನ ತರ್ಕ. ವಸೂಲಿಯೂ ಸುಲಭ. ಲಕ್ಷಾಂತರ ವಾಹನ ಮಾಲೀಕರ ಹಿಂದೆ ಓಡಬೇಕಾಗಿಲ್ಲ. ಕೆಲವೇ ತೈಲ ಕಂಪೆನಿಗಳಿಂದ ಹಣ ಬೊಕ್ಕಸಕ್ಕೆ ಬರುತ್ತದೆ. ತಪ್ಪಿಸಿಕೊಳ್ಳುವುದೂ ಕಷ್ಟ. ಇಷ್ಟು ಗುಣಗಳಿದ್ದುದರಿಂದಲೇ ಈ ಪದ್ಧತಿ ಲೋಕದೆಲ್ಲೆಡೆ ನೆಲೆಯೂರಿತು.

ಆದರೆ ಇದರಲ್ಲಿ ಎರಡು ಬಿರುಕುಗಳಿವೆ. ರಸ್ತೆಗೆ ಬಾರದ ಎಂಜಿನ್ನಿಗೂ ತೆರಿಗೆ ಬೀಳುವುದು ಮೊದಲನೆಯದು. ಇದು ಕೃಷಿಕರ ಹಳೆಯ ದೂರು. ಎರಡನೆಯದು ಹೊಸದು: ಕಡಿಮೆ ಇಂಧನದಲ್ಲಿ ಹೆಚ್ಚು ದೂರ ಓಡುವ ವಾಹನಗಳು ಬಂದಂತೆಲ್ಲ ರಸ್ತೆ ಸವೆಯುವುದು ನಿಲ್ಲುವುದಿಲ್ಲ, ತೆರಿಗೆ ಮಾತ್ರ ಇಳಿಯುತ್ತದೆ. ವಿದ್ಯುತ್ ವಾಹನದಲ್ಲಂತೂ ಅದು ಸೊನ್ನೆ.

2. ನ್ಯೂಜಿಲೆಂಡಿನ ಪದ್ಧತಿ

ನಮ್ಮಂಥ ಬೆಳೆಗಾರರು ಗಮನಿಸಬೇಕಾದ ದೇಶ ನ್ಯೂಜಿಲೆಂಡ್. ಅದು ಹೈನುಗಾರರ, ಕುರಿ ಸಾಕುವವರ ನಾಡು. ಅಲ್ಲಿ ಪೆಟ್ರೋಲಿನ ಮೇಲೆ ಲೀಟರ್ ಲೆಕ್ಕದ ಸುಂಕವಿದೆ. ಡೀಸೆಲಿಗೆ ಅಂಥ ರಸ್ತೆ ಸುಂಕವಿಲ್ಲ. ಟ್ರ್ಯಾಕ್ಟರು, ದೋಣಿ, ಕಾರ್ಖಾನೆಗಳ ಎಂಜಿನ್ನು ಹೀಗೆ ಡೀಸೆಲಿನ ದೊಡ್ಡ ಪಾಲು ರಸ್ತೆಯ ಹೊರಗೇ ಉರಿಯುತ್ತದೆಂಬುದೇ ಇದಕ್ಕೆ ಕಾರಣ. ಬದಲಿಗೆ 1978ರಿಂದ ಡೀಸೆಲ್ ವಾಹನಗಳಿಗೆ ದೂರದ ಲೆಕ್ಕದಲ್ಲಿ ರಸ್ತೆ ಬಳಕೆಯ ಶುಲ್ಕ ಜಾರಿಯಲ್ಲಿದೆ.

ನಡೆಯುವ ರೀತಿ ಸರಳ. ವಾಹನದ ಮಾಲೀಕನು 1000 ಕಿಲೋಮೀಟರಿನ ಘಟಕಗಳಲ್ಲಿ ಮುಂಗಡವಾಗಿ ಲೈಸೆನ್ಸ್ ಕೊಳ್ಳುತ್ತಾನೆ. ಲೈಸೆನ್ಸಿನಲ್ಲಿ ಬರೆದ ಅಂಕೆಗೆ ಮೀಟರು ತಲಪುವುದರೊಳಗೆ ಮತ್ತೆ ಕೊಳ್ಳಬೇಕು. ಸಣ್ಣ ವಾಹನಗಳಿಗೆ ಅವುಗಳ ಸ್ವಂತ ಮೀಟರೇ ಸಾಕು. ದೊಡ್ಡ ಲಾರಿಗಳಿಗೆ ಚಕ್ರದ ಬಳಿ ಪ್ರತ್ಯೇಕ ದೂರಮಾಪಕವನ್ನೋ ವಿದ್ಯುನ್ಮಾನ ಉಪಕರಣವನ್ನೋ ಜೋಡಿಸಬೇಕು. ಲಾರಿಯ ದರ ಅದರ ತೂಕವನ್ನೂ ಅಚ್ಚುಗಳ ಸಂಖ್ಯೆಯನ್ನೂ ಅವಲಂಬಿಸಿರುತ್ತದೆ.

ರೈತನಿಗೆ ಮುಖ್ಯವಾದ ಸಂಗತಿ ಇನ್ನು ಮುಂದಿದೆ. ಹೊಲದಲ್ಲಿ, ಖಾಸಗಿ ದಾರಿಯಲ್ಲಿ ಓಡಿದ ದೂರಕ್ಕೆ ಶುಲ್ಕ ಕೊಟ್ಟಿದ್ದರೆ, ಲೆಕ್ಕ ತೋರಿಸಿ ಹಣ ವಾಪಸು ಕೇಳಬಹುದು. ಕೃಷಿ ಯಂತ್ರಗಳಲ್ಲಿ ಬಳಸಿದ ಪೆಟ್ರೋಲಿನ ಸುಂಕಕ್ಕೂ ಮರುಪಾವತಿಯ ಅರ್ಜಿ ಹಾಕಬಹುದು. ರಸ್ತೆಗೆ ಬಾರದವನು ರಸ್ತೆಗೆ ಹಣ ಕೊಡಬೇಕಾಗಿಲ್ಲವೆಂಬ ತತ್ವವನ್ನು ಕಾನೂನೇ ಒಪ್ಪಿದೆ. ವಸೂಲಾದ ಹಣವೂ ರಾಷ್ಟ್ರೀಯ ಭೂಸಾರಿಗೆ ನಿಧಿಗೆ ಸೇರುತ್ತದೆ.

ವಿದ್ಯುತ್ ಕಾರುಗಳಿಗೆ ಅಲ್ಲಿ ಕೆಲವು ವರ್ಷ ವಿನಾಯಿತಿ ಇತ್ತು. 2024ರ ಏಪ್ರಿಲ್ 1ರಿಂದ ಅವುಗಳಿಗೂ 1000 ಕಿಲೋಮೀಟರಿಗೆ 76 ನ್ಯೂಜಿಲೆಂಡ್ ಡಾಲರಿನಂತೆ ಶುಲ್ಕ ಬಿತ್ತು. ಪೆಟ್ರೋಲ್ ಕಾರುಗಳನ್ನೂ ಕ್ರಮೇಣ ಇದೇ ಪದ್ಧತಿಗೆ ತರುವ ಯೋಜನೆಯನ್ನು ಅಲ್ಲಿನ ಸರ್ಕಾರ 2025ರ ಆಗಸ್ಟಿನಲ್ಲಿ ಪ್ರಕಟಿಸಿತು. ಬ್ರಿಟನ್ ಸಹ 2028ರ ಏಪ್ರಿಲಿನಿಂದ ವಿದ್ಯುತ್ ಕಾರುಗಳಿಗೆ ಮೈಲಿಗೆ 3 ಪೆನ್ಸ್ ಹಾಕುವುದಾಗಿ 2025ರ ನವೆಂಬರಿನ ಬಜೆಟ್ಟಿನಲ್ಲಿ ಸಾರಿತು.

3. ದೂರದ ಜೊತೆಗೆ ತೂಕವೂ ಬೇಕು

ಬರಿಯ ದೂರವನ್ನು ಅಳೆದರೆ ನ್ಯಾಯ ಪೂರ್ತಿಯಾಗುವುದಿಲ್ಲ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪರೀಕ್ಷೆಗೆಂದೇ ರಸ್ತೆಗಳನ್ನು ಕಟ್ಟಿ, ಬೇರೆ ಬೇರೆ ಭಾರದ ಲಾರಿಗಳನ್ನು ಅವುಗಳ ಮೇಲೆ ಸತತವಾಗಿ ಓಡಿಸಿ ನೋಡಿದರು. ಅಲ್ಲಿಂದ ಇಂಜಿನಿಯರುಗಳಿಗೆ ಸಿಕ್ಕ ಸ್ಥೂಲ ಸೂತ್ರ ಹೀಗಿದೆ: ಒಂದು ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗೆ ಆಗುವ ಹಾನಿ ಇಮ್ಮಡಿಯಲ್ಲ, ಸುಮಾರು 16 ಮಡಿ. ಮಿತಿಮೀರಿ ಮರದ ದಿಮ್ಮಿ ಹೇರಿದ ಲಾರಿ ಹೋದ ಮೇಲೆ ಊರ ರಸ್ತೆಯ ಗತಿ ಏನಾಗುತ್ತದೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಸ್ಕೂಟರು, ಜೀಪು, ಲಾರಿಗಳಿಗೆ ಒಂದೇ ದರ ಹಾಕಿದರೆ ಸಣ್ಣವನು ದೊಡ್ಡವನ ಪಾಲನ್ನು ಹೊತ್ತಂತಾಗುತ್ತದೆ.

4. ಓಡಾಟದ ಗುಟ್ಟು ಮತ್ತು ಹಳ್ಳಿಗರ ಆತಂಕ

ಇಂಧನ ತೆರಿಗೆಗೆ ಹಾದಿ ತೋರಿದ ಆರೆಗಾನ್ ರಾಜ್ಯವೇ ಅದಕ್ಕೆ ಬದಲಿಯನ್ನು ಹುಡುಕಲು 2001ರಲ್ಲಿ ಒಂದು ಕಾರ್ಯಪಡೆಯನ್ನು ನೇಮಿಸಿತು. ಮೊದಲ ಪ್ರಯೋಗದಲ್ಲಿ ಉಪಗ್ರಹದಿಂದ ವಾಹನದ ಜಾಡು ಹಿಡಿಯುವ ಪೆಟ್ಟಿಗೆಗಳನ್ನು ಜೋಡಿಸಿದಾಗ, ತಾವು ಎಲ್ಲಿಗೆ ಹೋಗಿಬಂದೆವೆಂಬ ಲೆಕ್ಕ ಸರ್ಕಾರಕ್ಕೆ ಏಕೆ ಎಂದು ಜನ ಕೇಳಿದರು. ಆ ಆಕ್ಷೇಪಣೆಗೆ ಬೆಲೆ ಸಿಕ್ಕಿತು. 2015ರ ಜುಲೈಯಲ್ಲಿ ಮೈಲಿಗೆ ಒಂದೂವರೆ ಸೆಂಟಿನಂತೆ ಆರಂಭವಾದ ಯೋಜನೆಗೆ ಒಪ್ಪಿದವರಷ್ಟೇ ಸೇರಿದರು. ಜಾಡು ಹಿಡಿಯದೆ ದೂರವನ್ನಷ್ಟೇ ಎಣಿಸುವ ಉಪಕರಣವನ್ನು ಆರಿಸಿಕೊಳ್ಳಲು ಅವಕಾಶವಿತ್ತು. ಪಂಪಿನಲ್ಲಿ ಕೊಟ್ಟ ತೆರಿಗೆಯನ್ನು ಅವರ ಲೆಕ್ಕಕ್ಕೆ ಜಮಾ ಮಾಡಲಾಗುತ್ತಿತ್ತು.

ಊರು ದೂರವಿರುವ ಹಳ್ಳಿಗರಿಗೆ ಇದು ಹೊರೆಯಾಗುವುದಿಲ್ಲವೇ ಎಂಬ ಪ್ರಶ್ನೆಯೂ ಅಲ್ಲಿ ಎದ್ದಿತು. ಹಳ್ಳಿಗರು ಹೆಚ್ಚು ದೂರ ಓಡುವುದು ನಿಜ. ಆದರೆ ಹೆಚ್ಚಾಗಿ ಹಳೆಯ, ಹೆಚ್ಚು ಇಂಧನ ಕುಡಿಯುವ ವಾಹನಗಳನ್ನೇ ಬಳಸುವುದರಿಂದ ಇಂಧನ ತೆರಿಗೆಯಲ್ಲಿ ಅವರು ಈಗಾಗಲೇ ಮೈಲಿಗೆ ಹೆಚ್ಚು ಕೊಡುತ್ತಿದ್ದಾರೆ ಎಂಬುದು ಅಲ್ಲಿನ ಅಧ್ಯಯನಗಳಿಂದ ತಿಳಿದುಬಂತು. ಘಾಟಿಯ ಏರಿನಲ್ಲಿ ಎರಡನೇ ಗೇರಿನಲ್ಲಿ ಏದುಸಿರು ಬಿಡುವ ಜೀಪಿನವರು ಈ ಮಾತನ್ನು ತಮಗೂ ಹೊಂದಿಸಿಕೊಳ್ಳಬಹುದು. ಲೀಟರಿನ ತೆರಿಗೆ ಏರು ರಸ್ತೆಗೆ ಹಾಕಿದ ತೆರಿಗೆಯೂ ಹೌದು.

5. ನಮ್ಮಲ್ಲಿ ಈಗಿನ ಸ್ಥಿತಿ

ಕೇಂದ್ರ ಸರ್ಕಾರ ಇಂಧನದ ಮೇಲೆ ಹಲವು ಬಗೆಯ ಸುಂಕ ವಿಧಿಸುತ್ತದೆ. ಅವುಗಳಲ್ಲೊಂದಾದ ರಸ್ತೆ ಮತ್ತು ಮೂಲಸೌಕರ್ಯ ಸೆಸ್ಸನ್ನು 2022ರ ಮೇ ತಿಂಗಳಲ್ಲಿ ಪೆಟ್ರೋಲಿಗೆ ಲೀಟರಿಗೆ 5 ರೂ., ಡೀಸೆಲಿಗೆ 2 ರೂ. ಮಟ್ಟಕ್ಕೆ ಇಳಿಸಲಾಯಿತು. ಉಳಿದ ಸುಂಕದ ಬಹುಪಾಲು ಸಾಮಾನ್ಯ ಬೊಕ್ಕಸಕ್ಕೆ ಹೋಗುತ್ತದೆ. ಇದರ ಮೇಲೆ ರಾಜ್ಯದ ಮಾರಾಟ ತೆರಿಗೆ ಬೇರೆ; ಕರ್ನಾಟಕದಲ್ಲಿ ಡೀಸೆಲಿನ ದರವನ್ನು 2025ರ ಏಪ್ರಿಲ್ 1ರಿಂದ ಶೇಕಡ 21.17ಕ್ಕೆ ಏರಿಸಲಾಯಿತು.

ದೂರದ ಲೆಕ್ಕ ಕಾಲಿಟ್ಟಿರುವುದು ಸದ್ಯಕ್ಕೆ ಟೋಲಿನಲ್ಲಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿಯೂ ಹರಿಯಾಣದ ಪಾನಿಪತ್–ಹಿಸ್ಸಾರ್ ಹೆದ್ದಾರಿಯಲ್ಲಿಯೂ ಉಪಗ್ರಹದ ಮೂಲಕ ಟೋಲ್ ಎಣಿಸುವ ಪ್ರಯೋಗ ನಡೆಯಿತು. 2024ರ ಸೆಪ್ಟೆಂಬರಿನಲ್ಲಿ ನಿಯಮ ತಿದ್ದಿ, ಅಂಥ ಉಪಕರಣವಿರುವ ವಾಹನಕ್ಕೆ ದಿನಕ್ಕೆ ಒಂದು ದಿಕ್ಕಿಗೆ 20 ಕಿಲೋಮೀಟರುವರೆಗೆ ಶುಲ್ಕವಿಲ್ಲವೆಂದು ಸೇರಿಸಲಾಯಿತು. 2025ರ ಮೇ 1ರಿಂದ ಇದು ದೇಶಕ್ಕೆಲ್ಲ ಬರುತ್ತದೆಂಬ ಸುದ್ದಿ ಹಬ್ಬಿದಾಗ, ಅಂಥ ತೀರ್ಮಾನವಾಗಿಲ್ಲವೆಂದು ಸಚಿವಾಲಯ ಸ್ಪಷ್ಟಪಡಿಸಿತು. ಟೋಲು ಒಂದು ರಸ್ತೆಯ ಬಾಡಿಗೆ. ನಾವಿಲ್ಲಿ ಚರ್ಚಿಸುತ್ತಿರುವುದು ಎಲ್ಲ ರಸ್ತೆಗಳಿಗೂ ಅನ್ವಯಿಸುವ ತೆರಿಗೆ. ಎರಡನ್ನೂ ಬೆರೆಸಿಕೊಳ್ಳಬಾರದು.

6. ಒಂದು ಲೆಕ್ಕ

ತಿಳಿವಳಿಕೆಗಾಗಿ ಒಂದು ಉದಾಹರಣೆ. ಅಂಕೆಗಳು ಊಹೆಯವು, ಎಲ್ಲ ತೆರಿಗೆ ಸೇರಿ ಲೀಟರಿಗೆ 20 ರೂ. ಎಂದಿಟ್ಟುಕೊಳ್ಳೋಣ.

ಒಬ್ಬ ಬೆಳೆಗಾರ ವಾರಕ್ಕೆರಡು ಸಲ ಜೀಪಿನಲ್ಲಿ ಪೇಟೆಗೆ ಹೋಗಿಬರುತ್ತಾನೆ; ಒಂದು ಕಡೆಗೆ 30 ಕಿಲೋಮೀಟರು. ವರ್ಷಕ್ಕೆ 6,240 ಕಿಲೋಮೀಟರಾಯಿತು. ಘಾಟಿ ರಸ್ತೆಯಲ್ಲಿ ಲೀಟರಿಗೆ 8 ಕಿಲೋಮೀಟರು ಸಿಕ್ಕರೆ 780 ಲೀಟರು, ಅಂದರೆ 15,600 ರೂ. ತೆರಿಗೆ. ಪಂಪ್‌ಸೆಟ್ ಗಂಟೆಗೆ 2 ಲೀಟರಿನಂತೆ 100 ಗಂಟೆ ಓಡಿದರೆ ಇನ್ನೂ 4,000 ರೂ. ಒಟ್ಟು 19,600 ರೂ.

ಇಂಧನ ತೆರಿಗೆ ಪೂರ್ತಿ ಹೋಗಿ ಕಿಲೋಮೀಟರಿಗೆ 2 ರೂ. ಬಂದರೆ ಅವನು ಕೊಡುವುದು 12,480 ರೂ.; ಪಂಪ್‌ಸೆಟ್ಟಿಗೆ ಏನೂ ಇಲ್ಲ. ದರ 3 ರೂ. 14 ಪೈಸೆಯನ್ನು ದಾಟಿದರೆ ಲಾಭವೆಲ್ಲ ಕರಗಿತು. ಇಂಧನ ತೆರಿಗೆಯನ್ನು ಹಾಗೆಯೇ ಇಟ್ಟುಕೊಂಡು ಮೇಲಿಂದ 2 ರೂ. ಹಾಕಿದರೆ ಹೊರೆ 32,080 ರೂ.

ಜೀಪಿಲ್ಲದೆ ಬೈಕಿನಲ್ಲೇ ಓಡಾಡುವ ಸಣ್ಣ ಹಿಡುವಳಿದಾರನ ಲೆಕ್ಕ ಬೇರೆ. ಲೀಟರಿಗೆ 50 ಕಿಲೋಮೀಟರಿನಂತೆ ಅಷ್ಟೇ ದೂರಕ್ಕೆ ಅವನ ತೆರಿಗೆ 2,496 ರೂ.; ಅಷ್ಟೇ ಪಂಪ್‌ಸೆಟ್ ಬಳಕೆ ಸೇರಿಸಿದರೆ 6,496 ರೂ. ಬೈಕಿಗೂ ಜೀಪಿನಂತೆಯೇ 2 ರೂ. ದರ ಹಾಕಿದರೆ ಅವನು ಕೊಡಬೇಕಾದ್ದು 12,480 ರೂ. ಸದಸ್ಯರಲ್ಲಿ ಅನೇಕರು ಈ ವರ್ಗದವರೇ ಎಂಬುದನ್ನು ಮರೆಯಬಾರದು.

7. ನಾವು ಕೇಳಬೇಕಾದದ್ದು

ಹೀಗೆ ನೋಡಿದರೆ ದೂರದ ತೆರಿಗೆ ಬೆಳೆಗಾರನ ಶತ್ರುವೂ ಅಲ್ಲ, ಮಿತ್ರನೂ ಅಲ್ಲ. ಅದು ಎಂಥದ್ದೆಂಬುದು ಷರತ್ತುಗಳ ಮೇಲಿದೆ. ಪ್ರಸ್ತಾಪ ಬಂದಾಗ ನಮ್ಮಂಥ ಸಂಘಗಳು ಒತ್ತಾಯಿಸಬೇಕಾದವು ಇವು:

(ಅ) ದೂರದ ತೆರಿಗೆ ಇಂಧನ ತೆರಿಗೆಯ ಬದಲಿಗೆ ಬರಬೇಕು, ಅದರ ತಲೆಯ ಮೇಲಲ್ಲ.

(ಆ) ತೋಟದೊಳಗಿನ ಓಡಾಟಕ್ಕೂ ಯಂತ್ರಗಳಿಗೂ ವಿನಾಯಿತಿ ಅಥವಾ ಮರುಪಾವತಿ ಇರಬೇಕು.

(ಇ) ದರ ವಾಹನದ ತೂಕಕ್ಕೆ ತಕ್ಕಂತಿರಬೇಕು. ದ್ವಿಚಕ್ರ ವಾಹನಕ್ಕೆ ತೀರ ಕಡಿಮೆ ಇರಬೇಕು.

(ಈ) ಮೀಟರು ಓದಿದರೆ ಸಾಕು. ಹೋದ ಜಾಗದ ಲೆಕ್ಕ ಬೇಡ.

(ಉ) ವಸೂಲಾದ ಹಣದಲ್ಲಿ ಗ್ರಾಮೀಣ ರಸ್ತೆಗೆ ಗೊತ್ತಾದ ಪಾಲು ಸಲ್ಲಬೇಕು.

ಎರಡನೆಯ ಬೇಡಿಕೆಗೆ ನಮ್ಮ ರಾಜ್ಯದಲ್ಲೇ ಪೂರ್ವೋದಾಹರಣೆಯಿದೆ. ಕರಾವಳಿಯ ಯಾಂತ್ರಿಕ ಮೀನುಗಾರಿಕೆ ದೋಣಿಗಳಿಗೆ ರಾಜ್ಯದ ಮಾರಾಟ ತೆರಿಗೆಯಿಲ್ಲದ ಡೀಸೆಲ್ ನಿಗದಿತ ಪ್ರಮಾಣದಲ್ಲಿ ಸಿಗುತ್ತಿದೆ. ರೈತರಿಗೆ 2022–23ರ ರಾಜ್ಯ ಬಜೆಟ್ಟಿನಲ್ಲಿ ಪ್ರಕಟವಾದ ರೈತಶಕ್ತಿ ಯೋಜನೆ ಎಕರೆಗೆ 250 ರೂ.ನಂತೆ ಐದು ಎಕರೆವರೆಗೆ ಡೀಸೆಲ್ ಸಹಾಯಧನ ಗೊತ್ತುಮಾಡಿತು. ಅದು ಎಕರೆಯ ಲೆಕ್ಕ, ಸುಟ್ಟ ಲೀಟರಿನ ಲೆಕ್ಕವಲ್ಲ. ಸಮುದ್ರದ ಎಂಜಿನ್ನಿಗೆ ಒಪ್ಪಿದ ನ್ಯಾಯ ಕೆರೆದಂಡೆಯ ಎಂಜಿನ್ನಿಗೂ ಸಲ್ಲಬೇಕು.

ಕೊನೆಯದಾಗಿ ಒಂದು ವಿನಂತಿ. ನ್ಯೂಜಿಲೆಂಡಿನಲ್ಲಿ ಮರುಪಾವತಿ ಸಿಗುವುದು ಲೆಕ್ಕ ಇಟ್ಟವನಿಗೆ ಮಾತ್ರ. ಇಲ್ಲಿಯೂ ನಾಳೆ ಯಾರಾದರೂ ಅಧಿಕಾರಿ, ತೋಟದಲ್ಲಿ ಸುಟ್ಟ ಡೀಸೆಲ್ ಎಷ್ಟು ಎಂದು ಕೇಳಿದರೆ ಅಂದಾಜಿನ ಉತ್ತರಕ್ಕೆ ಬೆಲೆಯಿಲ್ಲ. ವಾಹನಕ್ಕೆ ಹಾಕಿದ ಇಂಧನ, ಯಂತ್ರಕ್ಕೆ ಹಾಕಿದ ಇಂಧನ ಎಂದು ಎರಡು ಕಲಮು ಮಾಡಿ, ತಾರೀಖು, ಲೀಟರು, ಯಂತ್ರ ಓಡಿದ ಗಂಟೆ ಬರೆದು, ಬಿಲ್ಲುಗಳನ್ನು ಕೂಡಿಸಿಡಿರಿ. ವರ್ಷದ ಕೊನೆಗೆ ಆ ಒಟ್ಟು ಅಂಕೆಯನ್ನು ಸಂಘದ ಕಚೇರಿಗೆ ಕೊಟ್ಟರೆ, ಎಲ್ಲ ಸದಸ್ಯರ ಲೆಕ್ಕ ಒಟ್ಟುಗೂಡಿಸಿ ಮನವಿ ಸಿದ್ಧಪಡಿಸಲು ಅನುಕೂಲವಾಗುತ್ತದೆ.

— ಕಾರ್ಯದರ್ಶಿ