ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ

ಉಡುಪಿಯಲ್ಲಿ ಪರ್ಯಾಯದ ದಿನ ಮುಂದೆ ಹೋಗುವುದಿಲ್ಲ. ಎರಡು ವರ್ಷಕ್ಕೊಮ್ಮೆ, ಜನವರಿ 18ರ ನಸುಕಿನಲ್ಲಿ ಕೃಷ್ಣಮಠದ ಪೂಜಾಧಿಕಾರ ಕೈ ಬದಲಾಗಲೇಬೇಕು. ಬಾಳೆ ಬಂದಿಲ್ಲ, ಕಟ್ಟಿಗೆ ಒಣಗಿಲ್ಲ ಎಂದು ವಾಯಿದೆ ಕೇಳುವಂತಿಲ್ಲ. ಅದಕ್ಕೇ ಸರದಿಯ ಮಠದಲ್ಲಿ ಸುಮಾರು ಒಂದು ವರ್ಷ ಮೊದಲೇ ತಯಾರಿ ಶುರು: ಮೊದಲು ಬಾಳೆ ಮುಹೂರ್ತ, ಆಮೇಲೆ ಅಕ್ಕಿ, ಬಳಿಕ ಕಟ್ಟಿಗೆ, ಕೊನೆಗೆ ಭತ್ತ. ಅದರ ಧಾರ್ಮಿಕ ಅರ್ಥವನ್ನು ಬಲ್ಲವರು ಹೇಳಲಿ. ವ್ಯಾಪಾರಿಯ ಕಣ್ಣಿಗೆ ಕಾಣುವುದು ಇಷ್ಟು: ನೆಟ್ಟ ಬಾಳೆ ಗೊನೆ ಹಾಕಲು ತಿಂಗಳುಗಟ್ಟಲೆ ಕಾಯಬೇಕು, ಆದ್ದರಿಂದ ಅದೇ ಮೊದಲು. ಕಟ್ಟಿಗೆಯನ್ನು ಮಧ್ವಸರೋವರದ ಬಳಿ ರಥದ ಆಕಾರದಲ್ಲಿ ಒಟ್ಟುವುದರಿಂದ ದಾಸ್ತಾನು ಎಷ್ಟಿದೆ ಎಂಬುದು ದಾರಿಹೋಕರಿಗೂ ಗೊತ್ತಾಗುತ್ತದೆ.

ಹೊಸ ಉದ್ಯಮ ಶುರು ಮಾಡುವವರು ಹಿಡಿಯಬೇಕಾದ ದಾರಿಯೂ ಇದೇ.

ದಿನ ಗೊತ್ತು ಮಾಡಿ, ಹಿಂದೆ ಬನ್ನಿ

ಕಾಪುವಿನ ಹೆದ್ದಾರಿ ಬದಿಯಲ್ಲಿ ಮೂವತ್ತು ಜನ ಕೂರುವ ಹೋಟೆಲು ಹಾಕುತ್ತೀರಿ ಎಂದಿಟ್ಟುಕೊಳ್ಳಿ. ಡಿಸೆಂಬರ್ ರಜೆಗೆ ಬೀಚು, ದೀಪಸ್ತಂಭ ನೋಡಲು ಬರುವವರ ಹೊತ್ತಿಗೆ ಬಾಗಿಲು ತೆರೆದಿರಬೇಕು. ಹಾಗಾದರೆ ನವೆಂಬರ್ ಕೊನೆಯಲ್ಲಿ ಒಂದು ವಾರ ಪರಿಚಯದವರಿಗಷ್ಟೇ ಬಡಿಸಿ ನೋಡಬೇಕು. ಅದಕ್ಕೆ ಮೊದಲು ಅಡುಗೆಯವರು ಬಂದಿರಬೇಕು, ಅದಕ್ಕೂ ಮೊದಲು ಗ್ಯಾಸು, ಚಿಮಣಿ, ಗ್ರೈಂಡರು, ಅದಕ್ಕೂ ಮೊದಲು ಮೆಸ್ಕಾಂ ಮೀಟರು. ಹೀಗೆ ಹಿಂದೆ ಹಿಂದೆ ಬಂದರೆ ಮಾಡಿನ ಕೆಲಸ ಮೇ ತಿಂಗಳಿಗೆ ಬಂದು ನಿಲ್ಲುತ್ತದೆ.

ಮೇ ಯಾಕೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪುಕಲ್ಲಿನ ಕೋರೆಯಲ್ಲಿ ನೀರು, ಕಾಂಕ್ರೀಟಿನವರ ಕಣ್ಣು ಆಕಾಶದಲ್ಲಿ. ಮಾಡು ಒಂದಾಗಿದ್ದರೆ ಒಳಗಿನ ಕೆಲಸ ಮಳೆಯಲ್ಲೂ ಸಾಗುತ್ತದೆ. ಆಟಿಯಲ್ಲಿ ಶುಭಕಾರ್ಯ ಇಲ್ಲ ನಿಜ, ವಯರಿಂಗಿಗೆ ಆಟಿಯ ಹಂಗಿಲ್ಲ. ಕ್ಯಾಲೆಂಡರಿನಲ್ಲಿ ಕೆಲಸಗಾರರ ದಿನಗಳನ್ನೂ ಗುರುತು ಹಾಕಿ. ಉತ್ತರ ಕರ್ನಾಟಕದವರು ಬಿತ್ತನೆಗೆ ಊರಿಗೆ ಹೋಗುತ್ತಾರೆ, ಬಿಹಾರದವರು ಛಟ್ ಹಬ್ಬಕ್ಕೆ. ಊರಿನವರಿಗೆ ನೇಮ, ಕಂಬಳ, ಮದುವೆ. ಇವೆಲ್ಲ ಮೊದಲೇ ಗೊತ್ತಿರುವ ರಜೆಗಳು. ಆಮೇಲೆ "ಜನ ಸಿಗಲಿಲ್ಲ" ಎಂದರೆ ಆ ಮಾತು ನಂಬುವಂಥದ್ದಲ್ಲ.

ಪಟ್ಟಿಯಲ್ಲಿ ನಿಮ್ಮ ಕೈಯಲ್ಲಿರುವ ಕೆಲಸ ಕಪ್ಪು ಶಾಯಿಯಲ್ಲಿರಲಿ, ಬೇರೆಯವರ ಕೈಯಲ್ಲಿರುವುದು ಕೆಂಪಿನಲ್ಲಿ. ಭೂಪರಿವರ್ತನೆ, ಪಂಚಾಯತ್ ವ್ಯಾಪ್ತಿಯಾದರೆ ಆಸ್ತಿಯ 9/11 ನಮೂನೆ, ಪುರಸಭೆಯ ಪರವಾನಗಿ, ಆಹಾರ ಸುರಕ್ಷತೆಯ ನೋಂದಣಿ ಎಲ್ಲವೂ ಕೆಂಪು. ಹೆದ್ದಾರಿಯಿಂದ ಎಷ್ಟು ಜಾಗ ಬಿಡಬೇಕೆಂಬುದನ್ನು ನಕ್ಷೆ ಬರೆಸುವ ಮೊದಲೇ ವಿಚಾರಿಸಿ. ಕೆಂಪಿನವೇ ನಿಮ್ಮ ಬಾಳೆಗಿಡ. ಅವನ್ನು ಮೊದಲ ದಿನವೇ ನೆಡಿ.

"ಹೇಗೂ ಜೆಸಿಬಿ ಬಂದಿದೆಯಲ್ಲ"

ಕೆಲಸ ಅರ್ಧ ಆದಾಗ ಕಂಟ್ರಾಕ್ಟರರ ಫೋನು ಬರುತ್ತದೆ. "ಸಾರ್, ಹೇಗೂ ಜೆಸಿಬಿ ಬಂದಿದೆಯಲ್ಲ, ಹಿಂದಿನ ಜಾಗವನ್ನೂ ಸಮ ಮಾಡಿಸುವ?" ಕೇಳಲು ಸಣ್ಣ ಮಾತು. ಸಮ ಮಾಡಿದ ಜಾಗಕ್ಕೆ ಇಂಟರ್‌ಲಾಕ್ ಬೇಕಾಗುತ್ತದೆ, ಇಂಟರ್‌ಲಾಕ್ ಹಾಕಿದ ಮೇಲೆ ಶೀಟು. ನನ್ನ ಪ್ರಕಾರ ಸಣ್ಣ ಉದ್ಯಮಗಳನ್ನು ಬಡ್ಡಿಗಿಂತ ಹೆಚ್ಚು ಹಣ್ಣು ಮಾಡುವುದು ಈ "ಹೇಗೂ"ಗಳೇ.

ಇದಕ್ಕೆ ಒಂದು ನೋಟ್‌ಬುಕ್ಕು ಸಾಕು. ಮೊದಲ ಪುಟದಲ್ಲಿ ಏನೇನು ಮಾಡುತ್ತೇವೆ, ಎದುರು ಪುಟದಲ್ಲಿ ಈ ವರ್ಷ ಏನೇನು ಮಾಡುವುದಿಲ್ಲ. ಹೊಸದಾಗಿ ಸೇರುವ ಪ್ರತಿಯೊಂದಕ್ಕೂ ಒಂದು ಸಾಲು: "ಹಿಂದಿನ ಜಾಗ ಸಮತಟ್ಟು. ಹೆಚ್ಚು ಖರ್ಚು 18,000. ಹೆಚ್ಚು ದಿನ 3. ಸಹಿ." ಸಹಿ ಹಾಕಬೇಕಾಗಿ ಬಂದಾಗ ಅರ್ಧಕ್ಕರ್ಧ ಆಸೆಗಳು ತಾವಾಗಿ ಇಳಿಯುತ್ತವೆ.

ದುಡ್ಡು

1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ಮನೆ, ಅಂಗಡಿಗಳಿಗೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸಿದರು. ಖರ್ಚಿನ ಲೆಕ್ಕಕ್ಕೂ ಅದೇ ಕ್ರಮ ಬೇಕು. ತಿಂಗಳ ಕೊನೆಗೆ ಬಿಲ್ಲು ರಾಶಿ ಹಾಕಿ ಕೂರಬೇಡಿ, ದಿನವೂ ಸಂಜೆ ಬರೆಯಿರಿ. ಗುತ್ತಿಗೆದಾರರಿಗೆ ಕಂತು ಕೊಡುವುದು ಮುಗಿದ ಕೆಲಸ ನೋಡಿ. ತಾರೀಕು ನೋಡಿ ಅಲ್ಲ. ನೂರಕ್ಕೆ ಐದೋ ಹತ್ತೋ ಕೊನೆಯವರೆಗೆ ಉಳಿಸಿಕೊಳ್ಳಿ, ಈ ಷರತ್ತು ಒಪ್ಪಂದದಲ್ಲೇ ಇರಲಿ. ಮಣಿಪಾಲದಲ್ಲಿ ಅಂಗಡಿ ಹಾಕುವವರು ವಿದ್ಯಾರ್ಥಿಗಳಿಲ್ಲದ ತಿಂಗಳುಗಳ ಬಾಡಿಗೆಯನ್ನೂ ಮೊದಲೇ ತೆಗೆದಿಡಬೇಕು. ಹನ್ನೆರಡು ತಿಂಗಳೂ ಒಂದೇ ವ್ಯಾಪಾರ ಎಂದು ಬ್ಯಾಂಕಿಗೆ ಬರೆದುಕೊಟ್ಟರೆ ಕಾಗದ ಚೆನ್ನಾಗಿ ಕಾಣುತ್ತದೆ, ಅಷ್ಟೆ.

ತಯಾರಿಸಿ ಬೇರೆ ಸಂಸ್ಥೆಗಳಿಗೆ ಪೂರೈಸುವವರಾದರೆ ಉದ್ಯಮ್ ನೋಂದಣಿ ಮಾಡಿಸಿ, ಅದು ಉಚಿತ. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಖರೀದಿದಾರರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ.

ಕೆಲಸಕ್ಕೊಂದು ಹೆಸರು

"ಭಾವ ನೋಡಿಕೊಳ್ಳುತ್ತಾರೆ", "ನಾವೆಲ್ಲ ಇದ್ದೇವಲ್ಲ" ಎಂಬಲ್ಲಿ ಯಾರೂ ಇರುವುದಿಲ್ಲ. ಪಟ್ಟಿಯ ಪ್ರತಿ ಸಾಲಿಗೂ ಒಬ್ಬರದೇ ಹೆಸರು, ಒಂದೇ ತಾರೀಕು. ಸೋಮವಾರ ಬೆಳಿಗ್ಗೆ ಹದಿನೈದು ನಿಮಿಷ ನಿಂತೇ ಮಾತಾಡಿ: ಕಳೆದ ವಾರ ಮುಗಿದದ್ದೇನು, ಈ ವಾರ ಏನು, ಎಲ್ಲಿ ಸಿಕ್ಕಿಕೊಂಡಿದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಬ್ಬೆರಳು ಒತ್ತಿದ್ದನ್ನು ಉತ್ತರ ಎಂದುಕೊಳ್ಳಬೇಡಿ.

ಸಾಮಾನು ಬಂದರೆ ಮುಗಿಯಿತೇ?

ಧರ್ಮಸ್ಥಳದ 39 ಅಡಿಯ ಬಾಹುಬಲಿ ಕಾರ್ಕಳದಲ್ಲಿ ಕೆತ್ತಿದ ಏಕಶಿಲಾ ಮೂರ್ತಿ, ಶಿಲ್ಪಿ ರೆಂಜಾಳ ಗೋಪಾಲ ಶೆಣೈ. ಅಲ್ಲಿಗೆ ಸಾಗಿಸಿದ್ದು 1973ರಲ್ಲಿ, ಪ್ರತಿಷ್ಠೆ ಆದದ್ದು 1982ರಲ್ಲಿ. ಕೆತ್ತನೆ, ಸಾಗಣೆ, ನಿಲ್ಲಿಸುವುದು ಮೂರೂ ಬೇರೆ ಬೇರೆ ಕೆಲಸಗಳು, ಮೂರಕ್ಕೂ ಬೇರೆ ಬೇರೆ ಜನ ಬೇಕು. ನಿಮ್ಮ ಡೀಪ್ ಫ್ರೀಜರಿಗೂ ಹಾಗೆಯೇ: ಆರ್ಡರು ಕೊಡುವ ಮುಂಚೆ ಟೇಪು ಹಿಡಿದು ಬಾಗಿಲು ಅಳೆಯಿರಿ, ಲಾರಿ ಓಣಿಯಲ್ಲಿ ತಿರುಗುತ್ತದೋ ನೋಡಿ, ಇಳಿಸುವವರು ಯಾರೆಂದು ಕೇಳಿ, ತ್ರೀ ಫೇಸ್ ವಿದ್ಯುತ್ ಬೇಕೇ ಎಂದು ಎಲೆಕ್ಟ್ರಿಷಿಯನ್ನರಲ್ಲಿ ವಿಚಾರಿಸಿ. ಮಷಿನು ಬಂದ ದಿನ ಫೋಟೊ ತೆಗೆದು ಸ್ಟೇಟಸ್ ಹಾಕುವವರು ಅದು ಓಡಿದ ದಿನವನ್ನೂ ಬರೆದಿಟ್ಟುಕೊಂಡರೆ ಎರಡರ ನಡುವಿನ ಅಂತರ ಗೊತ್ತಾಗುತ್ತದೆ. ಆ ಅಂತರದುದ್ದಕ್ಕೂ ಸಾಲಕ್ಕೆ ಬಡ್ಡಿ ಓಡುತ್ತಿರುತ್ತದೆ.

ಇದೆಲ್ಲ ಒಬ್ಬರೇ ಕಲಿಯುವುದು ಕಷ್ಟ ಎನಿಸಿದರೆ ಬ್ರಹ್ಮಾವರದ ರುಡ್‌ಸೆಟ್ ಸಂಸ್ಥೆಯಲ್ಲಿ ಸ್ವ ಉದ್ಯೋಗ ತರಬೇತಿ ಉಚಿತವಾಗಿ ಸಿಗುತ್ತದೆ. ಹೋಗುವಾಗ ಆ ನೋಟ್‌ಬುಕ್ಕು, ಜಾಗದ ಪತ್ರಗಳ ಜೆರಾಕ್ಸು, ಮೂರು ಕೊಟೇಷನ್ನು ಜೊತೆಗಿರಲಿ. ಕೈಯಲ್ಲಿ ಅಂಕಿಗಳಿದ್ದರೆ ನೀವು ಕೇಳುವ ಪ್ರಶ್ನೆಗಳೂ ನಿಮ್ಮ ಹೋಟೆಲಿನ ಬಗ್ಗೆಯೇ ಇರುತ್ತವೆ.