ಊಟದ ಬಿಲ್, ವಿಮಾನದ ಟಿಕೆಟ್: ಕ್ರೆಡಿಟ್ ಕಾರ್ಡ್ ಆರಿಸುವ ಮುನ್ನ ನಿಮ್ಮ ಹಕ್ಕು ತಿಳಿದಿರಲಿ

‘ಸರ್, ಹೋಟೆಲ್‌ನಲ್ಲಿ ಈ ಕಾರ್ಡ್ ಉಜ್ಜಿ ಸಾಕು, ಗೋವಾಕ್ಕೆ ಫ್ಲೈಟ್ ಟಿಕೆಟ್ ಫ್ರೀ!’ ಮಾಲ್‌ನ ಮೆಟ್ಟಿಲ ಬಳಿ, ವಿಮಾನ ನಿಲ್ದಾಣದಲ್ಲಿ, ಫೋನಿನಲ್ಲಿ ಈ ಮಾತು ಕೇಳದವರು ಕಡಿಮೆ. ವಾರಕ್ಕೊಮ್ಮೆ ಮನೆಮಂದಿಯೆಲ್ಲ ಹೊರಗೆ ಊಟಕ್ಕೆ ಹೋಗುವ ಕುಟುಂಬಕ್ಕೆ ಇದು ಆಸೆ ಹುಟ್ಟಿಸುವ ಮಾತೇ. ಹೇಗೂ ಖರ್ಚಾಗುವ ಹಣದಿಂದ ಒಂದು ಪ್ರಯಾಣ ದಕ್ಕುವುದಾದರೆ ಯಾರು ಬೇಡ ಎನ್ನುತ್ತಾರೆ?

ಆದರೆ ರಿವಾರ್ಡ್ ಪಾಯಿಂಟ್ ಬ್ಯಾಂಕ್ ಕೊಡುವ ಇನಾಮಲ್ಲ. ನೀವು ಮಾಡಿಕೊಂಡ ಕರಾರಿನ ಒಂದು ಭಾಗ ಅದು. ಕರಾರಿನಲ್ಲಿ ಬರೆದದ್ದನ್ನು ಕೇಳಿ ಪಡೆಯುವ ಹಕ್ಕು ನಿಮಗಿದೆ. ಬರೆಯದೇ ಇರುವುದನ್ನು ಮಾರಾಟ ಪ್ರತಿನಿಧಿ ಎಷ್ಟೇ ಚೆಂದವಾಗಿ ಹೇಳಿದ್ದರೂ ಆಮೇಲೆ ಸಾಬೀತುಪಡಿಸುವುದು ಕಷ್ಟ. ಹಾಗಾಗಿ ಕಾರ್ಡ್‌ನ ಆಯ್ಕೆ ಕಾಗದ ಓದುವುದರಿಂದಲೇ ಶುರುವಾಗಬೇಕು.

ಸಹಿಗೆ ಮುನ್ನ ಕೇಳಬೇಕಾದ ಕಾಗದಗಳು

ಕ್ರೆಡಿಟ್ ಕಾರ್ಡ್‌ಗಳ ಕುರಿತು ಭಾರತೀಯ ರಿಸರ್ವ್ ಬ್ಯಾಂಕ್ (ಆರ್‌ಬಿಐ) 2022ರ ಏಪ್ರಿಲ್ 21ರಂದು ಹೊರಡಿಸಿದ ಸಮಗ್ರ ನಿರ್ದೇಶನ ಅದೇ ವರ್ಷ ಜುಲೈ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಬಡ್ಡಿದರ, ಶುಲ್ಕ ಮುಂತಾದ ಮುಖ್ಯ ವಿವರಗಳಿರುವ ಒಂದು ಪುಟದ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಅನ್ನು ಅರ್ಜಿಯ ಜೊತೆಗೇ ಕೊಡಬೇಕು. ಅತಿ ಮುಖ್ಯ ಷರತ್ತುಗಳನ್ನು ಪ್ರತ್ಯೇಕವಾಗಿ, ಎದ್ದು ಕಾಣುವಂತೆ ತಿಳಿಸಬೇಕು. ಷರತ್ತುಗಳು ಗ್ರಾಹಕನಿಗೆ ಅರ್ಥವಾಗುವ ಸರಳ ಭಾಷೆಯಲ್ಲಿರಬೇಕು. ಇಂಗ್ಲಿಷ್, ಹಿಂದಿಯ ಜೊತೆ ಸ್ಥಳೀಯ ಭಾಷೆಯಲ್ಲೂ ಇದ್ದರೆ ಒಳ್ಳೆಯದು ಎಂದು ನಿರ್ದೇಶನವೇ ಹೇಳುತ್ತದೆ. ‘ಕನ್ನಡದಲ್ಲಿ ಕೊಡಿ’ ಎಂದು ಕೇಳಲು ಸಂಕೋಚ ಬೇಡ. ಅರ್ಜಿಯನ್ನು ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ತಿಳಿಸುವುದೂ ಬ್ಯಾಂಕಿನ ಹೊಣೆ.

ಪಾಯಿಂಟ್‌ಗಳ ನಿಯಮ ಸಾಮಾನ್ಯವಾಗಿ ಬೇರೆಯೇ ಕಡತದಲ್ಲಿ, ಬ್ಯಾಂಕಿನ ಜಾಲತಾಣದಲ್ಲಿ ಇರುತ್ತದೆ. ಕಾರ್ಡ್ ಪಡೆಯುವ ದಿನವೇ ಅದನ್ನು ಇಳಿಸಿಕೊಂಡು, ದಿನಾಂಕ ಹಾಕಿ ಇಟ್ಟುಕೊಳ್ಳಿ. ನಾಳೆ ತಕರಾರು ಎದ್ದರೆ ನಿಮ್ಮ ಕೈಲಿರುವ ದೊಡ್ಡ ಸಾಕ್ಷ್ಯ ಇದೇ.

ಐದು ಪಾಯಿಂಟ್ ಎಂದರೆ ಎಷ್ಟು ರೂಪಾಯಿ?

ಲೆಕ್ಕಕ್ಕಾಗಿ ಒಂದು ಕಾರ್ಡ್ ಇಟ್ಟುಕೊಳ್ಳೋಣ. ಹೋಟೆಲ್ ಊಟಕ್ಕೆ ಪ್ರತಿ ₹150ಕ್ಕೆ 5 ಪಾಯಿಂಟ್, ಬೇರೆ ಖರ್ಚಿಗೆ 1 ಪಾಯಿಂಟ್. ವಾರ್ಷಿಕ ಶುಲ್ಕ ₹1,000. ಶೇ 18 ಜಿಎಸ್‌ಟಿ ಸೇರಿ ₹1,180. ತಿಂಗಳಿಗೆ ₹6,000ದಂತೆ ವರ್ಷಕ್ಕೆ ₹72,000 ಊಟಕ್ಕೆ ಖರ್ಚಾದರೆ 2,400 ಪಾಯಿಂಟ್ ಬರುತ್ತದೆ. ಟಿಕೆಟ್ ಕಾಯ್ದಿರಿಸುವಾಗ ಒಂದು ಪಾಯಿಂಟ್‌ಗೆ 25 ಪೈಸೆ ಎಂದು ನಿಯಮದಲ್ಲಿದ್ದರೆ ಇಡೀ ವರ್ಷದ ಗಳಿಕೆ ₹600. ಅಂದರೆ ಶುಲ್ಕದ ಅರ್ಧವಷ್ಟೇ. ಇನ್ನೊಂದು ಕಾರ್ಡ್‌ನಲ್ಲಿ ಅದೇ ಪಾಯಿಂಟ್‌ಗೆ ಒಂದು ರೂಪಾಯಿ ಮೌಲ್ಯವಿದ್ದರೆ ₹2,400. ಎರಡೂ ಕಾರ್ಡ್‌ಗಳ ಜಾಹೀರಾತಿನಲ್ಲಿ ಇರುವುದು ‘5 ಪಾಯಿಂಟ್’ ಎಂಬ ಒಂದೇ ಮಾತು.

ಹಾಗಾಗಿ ನಾಲ್ಕು ಪ್ರಶ್ನೆಗಳಿಗೆ ಬರಹದಲ್ಲೇ ಉತ್ತರ ಹುಡುಕಿ. ಒಂದು, ಟಿಕೆಟ್‌ಗೆ ಬಳಸುವಾಗ ಪಾಯಿಂಟ್‌ನ ಮೌಲ್ಯ ಎಷ್ಟು? ಎರಡು, ತಿಂಗಳಿಗೆ ಗರಿಷ್ಠ ಮಿತಿ ಇದೆಯೇ? ಮೂರು, ಪಾಯಿಂಟ್ ಎಷ್ಟು ಕಾಲಕ್ಕೆ ರದ್ದಾಗುತ್ತದೆ? ನಾಲ್ಕು, ಪಾಯಿಂಟ್ ಬಳಸಲು ಪ್ರತ್ಯೇಕ ಶುಲ್ಕ ಉಂಟೇ?

ಬ್ಯಾಂಕಿನ ಲೆಕ್ಕದಲ್ಲಿ ಯಾವುದು ‘ಊಟ’?

ಎಷ್ಟೋ ಜನ ಎಡವುವುದು ಇಲ್ಲಿ. ನೀವು ದೋಸೆ ತಿಂದಿರೋ ಸೀರೆ ಕೊಂಡಿರೋ ಬ್ಯಾಂಕ್‌ಗೆ ಕಾಣುವುದಿಲ್ಲ. ಕಾಣುವುದು ವರ್ತಕರಿಗೆ ಕೊಟ್ಟಿರುವ ನಾಲ್ಕಂಕಿಯ ಸಂಕೇತ ಮಾತ್ರ. ಉಪಾಹಾರ ಗೃಹ, ರೆಸ್ಟೊರೆಂಟ್‌ಗಳಿಗೆ 5812, ಫಾಸ್ಟ್‌ಫುಡ್ ಮಳಿಗೆಗಳಿಗೆ 5814, ಬೇಕರಿಗೆ 5462, ಸೂಪರ್ ಮಾರ್ಕೆಟ್‌ಗೆ 5411. ಈ ಸಂಕೇತ ನೀಡುವುದು ನಿಮ್ಮ ಬ್ಯಾಂಕ್ ಅಲ್ಲ, ಅಂಗಡಿಗೆ ಸ್ವೈಪ್ ಮಷಿನ್ ಕೊಟ್ಟ ಬ್ಯಾಂಕ್. ವಸತಿಗೃಹದ ಒಳಗಿನ ರೆಸ್ಟೊರೆಂಟ್‌ನಲ್ಲಿ ಉಂಡರೆ ಅದು ವಸತಿಯ ಖರ್ಚಾಗಿ ದಾಖಲಾಗಬಹುದು. ಆಪ್ ಮೂಲಕ ಬಿಲ್ ಕಟ್ಟಿದರೆ ಹಣ ಪಡೆದ ವರ್ತಕ ಹೋಟೆಲ್ ಆಗಿರದೆ ಆ ಆಪ್ ಆಗಿರಬಹುದು. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಕ್ಯುಆರ್ ಸ್ಕ್ಯಾನ್ ಮಾಡಿದರೆ ಕೆಲವು ಕಾರ್ಡ್‌ಗಳಲ್ಲಿ ಪಾಯಿಂಟ್ ಕಡಿಮೆ, ಕೆಲವದರಲ್ಲಿ ಇಲ್ಲವೇ ಇಲ್ಲ.

ನೀವು ಹೆಚ್ಚಾಗಿ ಊಟ ಮಾಡುವ ಜಾಗ ದರ್ಶಿನಿಯೋ, ತಾರಾ ಹೋಟೆಲೋ, ಮನೆಗೇ ತರಿಸಿಕೊಳ್ಳುವ ಆಪೋ ಎಂಬುದನ್ನು ನೋಡಿ ಕಾರ್ಡ್ ಆರಿಸಿ. ಆರ್‌ಬಿಐ 2024ರ ಮಾರ್ಚ್ 6ರಂದು ಹೊರಡಿಸಿದ ಸುತ್ತೋಲೆಯಂತೆ, ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂಥ ಜಾಲಗಳಲ್ಲಿ ಒಂದಕ್ಕಿಂತ ಹೆಚ್ಚಿನ ಆಯ್ಕೆಯನ್ನು ಕಾರ್ಡ್ ನೀಡುವಾಗ ನಿಮ್ಮ ಮುಂದಿಡಬೇಕು. ಹಳೆಯ ಕಾರ್ಡ್‌ಗಾದರೆ ನವೀಕರಣದ ಹೊತ್ತಿಗೆ ಈ ಆಯ್ಕೆ ಸಿಗುತ್ತದೆ. 10 ಲಕ್ಷ ಅಥವಾ ಅದಕ್ಕಿಂತ ಕಡಿಮೆ ಕಾರ್ಡ್ ನೀಡಿರುವ ಸಂಸ್ಥೆಗಳಿಗೆ ಮತ್ತು ಸ್ವಂತ ಜಾಲದಲ್ಲೇ ಕಾರ್ಡ್ ಕೊಡುವವರಿಗೆ ಇದು ಅನ್ವಯಿಸದು.

ವಿಮಾನ ಕಂಪನಿಯ ಹೆಸರಿನ ಕಾರ್ಡ್

ವಿಮಾನ ಕಂಪನಿ, ಪ್ರಯಾಣದ ಆಪ್‌ಗಳ ಹೆಸರಿರುವ ಕೋ-ಬ್ರಾಂಡ್ ಕಾರ್ಡ್‌ಗಳನ್ನು ನೀಡುವುದು ಬ್ಯಾಂಕೇ. ಪಾಲುದಾರ ಕಂಪನಿ ಅದನ್ನು ತನ್ನದೇ ಕಾರ್ಡ್ ಎಂದು ಪ್ರಚಾರ ಮಾಡುವಂತಿಲ್ಲ. ಜಾಹೀರಾತಿನಲ್ಲಿ ಬ್ಯಾಂಕಿನ ಹೆಸರು ಸ್ಪಷ್ಟವಾಗಿ ಕಾಣಬೇಕು. ಹೀಗಾಗಿ ‘ಏರ್‌ಲೈನ್‌ನವರನ್ನು ಕೇಳಿ’ ಎಂದು ಬ್ಯಾಂಕ್ ಸಾಗಹಾಕಿದರೆ ಒಪ್ಪಬೇಡಿ. ದೂರಿನ ವಿಳಾಸ ಬ್ಯಾಂಕಿನದೇ.

ಇಂಥ ಕಾರ್ಡ್‌ನಲ್ಲಿ ಪಾಯಿಂಟ್‌ನ ಹಣೆಬರಹ ಕಂಪನಿಯ ಹಣೆಬರಹಕ್ಕೆ ಕಟ್ಟುಬಿದ್ದಿರುತ್ತದೆ. ವಿಸ್ತಾರ ವಿಮಾನ ಕಂಪನಿ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನಗೊಂಡಾಗ ಕ್ಲಬ್ ವಿಸ್ತಾರ ಸದಸ್ಯರ ಪಾಯಿಂಟ್‌ಗಳು ಏರ್ ಇಂಡಿಯಾದ ಯೋಜನೆಗೆ ವರ್ಗಾವಣೆಯಾದವು. ವಿಸ್ತಾರ ಹೆಸರಿನ ಕಾರ್ಡ್‌ಗಳ ಸೌಲಭ್ಯಗಳೂ ಬದಲಾದವು. ಪಾಯಿಂಟ್ ಕೂಡಿಡುತ್ತಾ ವರ್ಷಗಟ್ಟಲೆ ಕಾಯುವುದಕ್ಕಿಂತ ಸಾಕಷ್ಟಾದ ಕೂಡಲೇ ಟಿಕೆಟ್ ಮಾಡಿಕೊಳ್ಳುವುದು ಲೇಸು.

ಬಡ್ಡಿಗೆ ಮಿತಿಯಿಲ್ಲ, ಎಚ್ಚರ

ಕ್ರೆಡಿಟ್ ಕಾರ್ಡ್ ಬಾಕಿಗೆ ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಈಗ ಅಂಥ ಮಿತಿಯ ರಕ್ಷಣೆ ಇಲ್ಲ. ತಿಂಗಳಿಗೆ ಶೇ 3.5ರ ಆಸುಪಾಸಿನ ಬಡ್ಡಿ, ಅಂದರೆ ವರ್ಷಕ್ಕೆ ಶೇ 42, ಸಾಮಾನ್ಯ.

₹20,000 ಬಿಲ್ ಬಂದು, ‘ಕನಿಷ್ಠ ಮೊತ್ತ’ವೆಂದು ₹1,000 ಮಾತ್ರ ಕಟ್ಟಿದಿರಿ ಎನ್ನಿ. ಉಳಿದ ₹19,000ಕ್ಕೆ ಒಂದು ತಿಂಗಳ ಬಡ್ಡಿ ₹665, ಅದರ ಮೇಲೆ ಜಿಎಸ್‌ಟಿ ಸುಮಾರು ₹120. ಮೇಲಿನ ಉದಾಹರಣೆಯಲ್ಲಿ ವರ್ಷವಿಡೀ ಗಳಿಸಿದ ₹600 ಒಂದೇ ತಿಂಗಳಲ್ಲಿ ಹೋಯಿತು. ಸಾಲದ್ದಕ್ಕೆ ಬಾಕಿ ಉಳಿದಿರುವಷ್ಟು ಕಾಲ ಹೊಸ ಖರ್ಚಿಗೂ ಬಡ್ಡಿರಹಿತ ಅವಧಿ ಸಿಗದು. ಪ್ರತಿ ತಿಂಗಳೂ ಪೂರ್ತಿ ಬಿಲ್ ಕಟ್ಟಲಾಗದವರು ಪಾಯಿಂಟ್‌ನ ಆಸೆಗೆ ಕಾರ್ಡ್ ತೆಗೆದುಕೊಳ್ಳಲೇಬಾರದು.

ವಿದೇಶದಲ್ಲಿ ಊಟಕ್ಕೆ ಕಾರ್ಡ್ ಬಳಸುವವರು ವಿನಿಮಯದ ಹೆಚ್ಚುವರಿ ಶುಲ್ಕವನ್ನೂ ನೋಡಿಕೊಳ್ಳಬೇಕು. ಶೇ 3.5 ಶುಲ್ಕಕ್ಕೆ ಜಿಎಸ್‌ಟಿ ಸೇರಿದರೆ ಶೇ 4.13 ಆಗುತ್ತದೆ. ‘ರೂಪಾಯಿಯಲ್ಲಿ ಕಟ್ಟುತ್ತೀರಾ?’ ಎಂದು ಅಲ್ಲಿನ ಮಷಿನ್ ಕೇಳಿದರೆ ಬೇಡವೆಂದು, ಆ ದೇಶದ ಹಣದಲ್ಲೇ ಪಾವತಿಸಿ.

ಬಿಲ್ಲಿನಲ್ಲಿ ಸೇವಾ ಶುಲ್ಕ ಇದೆಯೇ ನೋಡಿ

ಪಾಯಿಂಟ್ ಎಣಿಸುವ ಮೊದಲು ಬಿಲ್ ಓದಿ. ₹2,000 ಊಟಕ್ಕೆ ಶೇ 10 ಸೇವಾ ಶುಲ್ಕ ₹200, ಒಟ್ಟಿನ ಮೇಲೆ ಶೇ 5 ಜಿಎಸ್‌ಟಿ ₹110; ಬಿಲ್ ₹2,310. ಇದರಲ್ಲಿ ₹150ರ ಪೂರ್ಣ ಕಂತುಗಳು 15. ಹಾಗಾಗಿ ಬರುವುದು 75 ಪಾಯಿಂಟ್, 25 ಪೈಸೆಯಂತೆ ₹18.75. ಸೇವಾ ಶುಲ್ಕ ಮತ್ತು ಅದರ ಮೇಲಿನ ತೆರಿಗೆಗೆ ಹೋದದ್ದು ₹210.

ಹೋಟೆಲ್‌ಗಳು ತಾವಾಗಿಯೇ ಬಿಲ್‌ಗೆ ಸೇವಾ ಶುಲ್ಕ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲು ಮಾಡುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಉದ್ಯಮದ ಸಂಘಟನೆಗಳು ಅದನ್ನು ಪ್ರಶ್ನಿಸಿದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್‌ನ ಏಕಸದಸ್ಯ ಪೀಠ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಶುಲ್ಕ ತೆಗೆಯುವಂತೆ ಕೌಂಟರ್‌ನಲ್ಲೇ ಕೇಳಿ. ಒಪ್ಪದಿದ್ದರೆ ಬಿಲ್‌ನ ಫೋಟೊ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಮಾಣಿಗೆ ಸಂತೋಷದಿಂದ ಕೊಡುವ ಭಕ್ಷೀಸು ಬೇರೆ. ಅದು ನಿಮ್ಮ ಇಚ್ಛೆ.

ಕಾರ್ಡ್‌ದಾರರ ಮುಖ್ಯ ಹಕ್ಕುಗಳು

• ನೀವು ಕೇಳದ ಕಾರ್ಡ್ ಕಳಿಸುವಂತಿಲ್ಲ. ಒಪ್ಪಿಗೆಯಿಲ್ಲದೆ ಕಾರ್ಡ್ ಕಳಿಸಿ ಬಿಲ್ ಹಾಕಿದರೆ ಬ್ಯಾಂಕ್ ಆ ಮೊತ್ತವನ್ನು ವಾಪಸ್ ಮಾಡಿ, ಅದರ ಎರಡರಷ್ಟು ದಂಡವನ್ನೂ ನಿಮಗೆ ಕೊಡಬೇಕು.

• 30 ದಿನದೊಳಗೆ ನೀವು ಕಾರ್ಡ್ ಸಕ್ರಿಯಗೊಳಿಸದಿದ್ದರೆ ಬ್ಯಾಂಕ್ ಒಟಿಪಿ ಮೂಲಕ ಒಪ್ಪಿಗೆ ಕೇಳಬೇಕು. ಒಪ್ಪದಿದ್ದರೆ ಏಳು ಕೆಲಸದ ದಿನಗಳಲ್ಲಿ ಖರ್ಚಿಲ್ಲದೆ ಖಾತೆ ಮುಚ್ಚಬೇಕು.

• ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಸಾಲದ ಮಿತಿ ಏರಿಸುವಂತಿಲ್ಲ.

• ಶುಲ್ಕ ಬದಲಿಸಲು ಕನಿಷ್ಠ ಒಂದು ತಿಂಗಳು ಮುಂಚೆ ತಿಳಿಸಬೇಕು. ಬದಲಾವಣೆ ನಿಮಗೆ ನಷ್ಟವೆನಿಸಿದರೆ ಬಾಕಿ ತೀರಿಸಿ, ಹೆಚ್ಚುವರಿ ಶುಲ್ಕವಿಲ್ಲದೆ ಕಾರ್ಡ್ ಹಿಂದಿರುಗಿಸಬಹುದು.

• ಗಡುವು ದಾಟಿ ಮೂರು ದಿನಕ್ಕಿಂತ ಹೆಚ್ಚಾದ ಮೇಲಷ್ಟೇ ವಿಳಂಬದ ದಂಡ ಹಾಕಬಹುದು.

• ಬಿಲ್ ಬಗ್ಗೆ ತಕರಾರು ಎತ್ತಿದರೆ ಗರಿಷ್ಠ 30 ದಿನದೊಳಗೆ ದಾಖಲೆ ಸಹಿತ ವಿವರಣೆ ಕೊಡಬೇಕು.

ಪಾಯಿಂಟ್ ಬರದಿದ್ದರೆ ದೂರು ಹೇಗೆ?

ಮೊದಲು ಬ್ಯಾಂಕ್‌ಗೆ ಲಿಖಿತ ದೂರು ಕೊಟ್ಟು, ದೂರಿನ ಸಂಖ್ಯೆ ಪಡೆಯಿರಿ. ಫೋನಿನಲ್ಲಿ ಹೇಳಿದ್ದನ್ನೂ ಇಮೇಲ್‌ನಲ್ಲಿ ಮತ್ತೆ ಬರೆಯಿರಿ. ದೂರು ಚಿಕ್ಕದಾಗಿ ಹೀಗಿರಲಿ:

‘ಇಂಥ ದಿನಾಂಕದಂದು ಇಂಥ ರೆಸ್ಟೊರೆಂಟ್‌ನಲ್ಲಿ ₹2,310 ಪಾವತಿಸಿದ್ದೇನೆ. ನಿಮ್ಮ ನಿಯಮಾವಳಿಯ ಇಂಥ ಷರತ್ತಿನಂತೆ 75 ಪಾಯಿಂಟ್ ಬರಬೇಕಿತ್ತು. 15 ಮಾತ್ರ ಜಮಾ ಆಗಿದೆ. ಉಳಿದ 60 ಪಾಯಿಂಟ್ ಜಮಾ ಮಾಡಿ. ನಿರಾಕರಿಸುವುದಾದರೆ ಯಾವ ಷರತ್ತಿನಡಿ ಎಂದು ಲಿಖಿತವಾಗಿ ತಿಳಿಸಿ. ಬಿಲ್, ಸ್ಟೇಟ್‌ಮೆಂಟ್ ಮತ್ತು ನಿಯಮಾವಳಿಯ ಪ್ರತಿ ಲಗತ್ತಿಸಿದ್ದೇನೆ.’

30 ದಿನದೊಳಗೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ತಡಮಾಡದೆ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್ ಬಳಿ ಹೋಗಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಆರ್‌ಬಿಐನ ಸಿಎಂಎಸ್ ಪೋರ್ಟಲ್‌ನಲ್ಲಿ ಸಲ್ಲಿಸಬಹುದು; ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕ್ ಕೇಂದ್ರಕ್ಕೆ ಅಂಚೆಯಲ್ಲೂ ಕಳಿಸಬಹುದು. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾಹಿತಿ ಸಿಗುತ್ತದೆ. ಬ್ಯಾಂಕ್‌ಗೆ ದೂರು ಕೊಡದೆ ನೇರವಾಗಿ ಇಲ್ಲಿಗೆ ಬಂದರೆ ಅರ್ಜಿ ನಿಲ್ಲುವುದಿಲ್ಲ.

ಒಂದು ಸೂಕ್ಷ್ಮ ಗಮನಿಸಿ. ಬ್ಯಾಂಕಿನ ವಾಣಿಜ್ಯ ನಿರ್ಧಾರಗಳನ್ನು ಒಂಬುಡ್ಸ್‌ಮನ್ ವಿಚಾರಿಸುವುದಿಲ್ಲ. ‘ಪಾಯಿಂಟ್ ಕಡಿಮೆ ಕೊಡುತ್ತಾರೆ’ ಎಂಬ ದೂರಿಗೆ ಬಲವಿಲ್ಲ. ‘ಬರೆದು ಕೊಟ್ಟ ಪಾಯಿಂಟ್ ಕೊಟ್ಟಿಲ್ಲ’ ಎಂಬುದು ಸೇವಾ ನ್ಯೂನತೆಯ ದೂರು, ಅದಕ್ಕೆ ಬಲವಿದೆ.

ಇನ್ನೊಂದು ದಾರಿ ಗ್ರಾಹಕ ಆಯೋಗ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಹೂಡಬಹುದು. ಬ್ಯಾಂಕಿನ ಕಚೇರಿ ಮುಂಬೈಯಲ್ಲಿದ್ದರೂ ಹಾವೇರಿಯ ಗ್ರಾಹಕ ಹಾವೇರಿಯಲ್ಲೇ ಕೇಳಬಹುದು. ತಕರಾರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಸಲ್ಲಿಸಬೇಕು. ₹5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ಒಂದೇ ವಿಷಯವನ್ನು ಆಯೋಗದಲ್ಲೂ ಒಂಬುಡ್ಸ್‌ಮನ್ ಬಳಿಯೂ ಏಕಕಾಲಕ್ಕೆ ನಡೆಸುವಂತಿಲ್ಲ, ಒಂದನ್ನು ಆರಿಸಿಕೊಳ್ಳಿ.

ಇಟ್ಟುಕೊಳ್ಳುವುದೋ, ಮುಚ್ಚುವುದೋ?

ವಾರ್ಷಿಕ ಶುಲ್ಕ ಬೀಳುವ ತಿಂಗಳಿಗೆ ಮುಂಚೆ ಲೆಕ್ಕ ಹಾಕಿ: ವರ್ಷದಲ್ಲಿ ಬಳಸಿದ ಪಾಯಿಂಟ್‌ನ ಬೆಲೆ ಎಷ್ಟು, ಕಟ್ಟಿದ ಶುಲ್ಕ, ಬಡ್ಡಿ, ದಂಡ ಎಷ್ಟು? ಎರಡನೆಯದೇ ಹೆಚ್ಚಾಗಿದ್ದರೆ ಇರುವ ಪಾಯಿಂಟ್‌ಗಳನ್ನು ಮೊದಲು ಬಳಸಿ, ಬಾಕಿ ತೀರಿಸಿ, ಕಾರ್ಡ್ ಮುಚ್ಚಲು ಲಿಖಿತವಾಗಿ ಕೋರಿ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳಲ್ಲಿ ಬ್ಯಾಂಕ್ ಅದನ್ನು ಮುಚ್ಚಲೇಬೇಕು. ತಡವಾದರೆ ದಿನಕ್ಕೆ ₹500ರಂತೆ ನಿಮಗೆ ಪರಿಹಾರ ಕೊಡಬೇಕು. ಅಂಚೆಯಲ್ಲೇ ಅರ್ಜಿ ಕಳಿಸಿ ಎಂದು ಒತ್ತಾಯಿಸುವಂತಿಲ್ಲ. ‘ಇನ್ನೊಂದು ವರ್ಷ ಇಟ್ಟುಕೊಳ್ಳಿ, ಶುಲ್ಕ ಮನ್ನಾ ಮಾಡುತ್ತೇವೆ’ ಎಂಬ ಕರೆ ಬಂದರೆ, ಆ ಮಾತನ್ನೂ ಇಮೇಲ್‌ನಲ್ಲಿ ಬರೆದು ಕಳಿಸಲು ಹೇಳಿ. ಬರಹ ಕೈಗೆ ಬಂದ ಮೇಲೆ ತೀರ್ಮಾನಿಸಿ.